ಕಲ್ಚರ್ ಇಲ್ಲದ ರಕ್ತ

ಮನೆ, ಮುಂದಿನ ಕೋಣೆ
ಹದಿನಾರನೇ ತಾರೀಖು, ಭಾನುವಾರ, ತಿಂಡಿಯಾದ ಮೇಲೆ

ಪ್ರೀತಿಯ ಪಾಪೂ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಕತ್ತಿನ ಸುತ್ತ ಬೆವರುಸಾಲೆ ಎದ್ದಿದೆ ಎಂದಿದ್ದೆಯಲ್ಲ, ಇಳಿಯಿತೇ? ನಾನು ಕಳಿಸಿದ ಪೌಡರು ಹಚ್ಚಿಕೊಂಡೆಯೋ, ಇಲ್ಲ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಮಂಚದ ಕೆಳಗೆ ತಳ್ಳಿದ್ದೀಯೋ? ಹಡಗಿನಲ್ಲಿ ನಿನ್ನನ್ನು ಎಲ್ಲರೂ ಚೀಫ್ ಎಂದು ಕರೆಯುತ್ತಾರಂತೆ. ಕರೆಯಲಿ, ಬೇಡ ಎಂದವರು ಯಾರು. ತಲೆಯಲ್ಲಿ ಬಿಳಿಕೂದಲು ಬಂದರೂ ನನಗೆ ನೀನು ಪಾಪುವೇ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ಸ್ವಲ್ಪ ಗೊಣಗುತ್ತದೆ, ನಾನೂ ಅದಕ್ಕೆ ಎದುರು ಗೊಣಗುತ್ತೇನೆ, ಹೀಗೆ ಇಬ್ಬರ ಸಂಸಾರ ನಡೆಯುತ್ತಿದೆ.

ಈಗ ಸುದ್ದಿಗೆ ಬರುತ್ತೇನೆ. ನಿಂತಿದ್ದರೆ ಕುಳಿತುಕೊ. ಕೊನೆಯ ಹಾಳೆಗೆ ಹಾರಬೇಡ, ಸಾಲಾಗಿ ಓದು. ನಿನ್ನ ಹೆಂಡತಿಗೆ ಭಾರಿ ಕಾಯಿಲೆಯಾಗಿತ್ತು. ‘ಆಗಿತ್ತು’ ಎಂದು ಬರೆದಿದ್ದೇನೆ, ‘ಆಗಿದೆ’ ಎಂದಲ್ಲ. ವ್ಯಾಕರಣ ನೋಡಿಕೊಂಡು ಓದು, ಗಾಬರಿ ಅರ್ಧ ಕಡಿಮೆಯಾಗುತ್ತದೆ. ಅವಳು ಆಸ್ಪತ್ರೆಯಲ್ಲಿದ್ದಳು, ಒಂದು ಹಂತದಲ್ಲಿ ಬದುಕುತ್ತಾಳೋ ಇಲ್ಲವೋ ಎಂದೇ ಗೊತ್ತಿರಲಿಲ್ಲ. ಈಗ ಗೆದ್ದಿದ್ದೇವೆ ಕಣೋ. ಗೆದ್ದ ಮೇಲೆ ಬರೆಯುತ್ತಿದ್ದೇನೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಹಾರಾಡಬೇಡ. ನಡುಸಮುದ್ರದಲ್ಲಿರುವವನು ಕೇಳಿ ಏನು ಮಾಡುತ್ತಿದ್ದೆ, ಹಡಗು ತಿರುಗಿಸುತ್ತಿದ್ದೆಯಾ? ‘ಅವರಿಗೆ ಹೇಳಬೇಡಿ ಅತ್ತೆ, ಅಲ್ಲಿ ಎಂಜಿನ್ ಹತ್ತಿರ ಮನಸ್ಸು ಎಲ್ಲೋ ಇಟ್ಕೊಂಡು ಕೈ ಸುಟ್ಕೋತಾರೆ’ ಎಂದು ಅವಳು ನನ್ನ ಬಾಯಿಗೆ ಬೀಗ ಹಾಕಿದಳು. ನೀನು ಫೋನು ಮಾಡುತ್ತಿದ್ದುದು ಯಾವಾಗಲೂ ಬೆಳಿಗ್ಗೆ. ಅವಳ ಜ್ವರ ಬರುತ್ತಿದ್ದುದು ಸಂಜೆ. ಹಾಗಾಗಿ ನಿನಗೆ ಸಿಗುತ್ತಿದ್ದುದು ನಗುವ ಹೆಂಡತಿಯೇ. ಈಗ ಅವಳೇ ಬೀಗ ತೆಗೆದಿದ್ದಾಳೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ತೊಂದರೆ ಇಲ್ಲ.

ಮೊದಲು ಗಂಟಲು ನೋವು ಎಂದಳು. ಬಸ್ಸು ಓಡಿಸುವವರಿಗೆ ಧೂಳು, ಹೊಗೆ, ಪ್ರಯಾಣಿಕರ ಜೊತೆ ಕೂಗಾಟ ಇದ್ದದ್ದೇ, ಗಂಟಲು ಇನ್ನೇನಾಗುತ್ತದೆ ಎಂದುಕೊಂಡೆ. ಆಮೇಲೆ ಸಂಜೆಯಾದರೆ ಸಾಕು, ಹಲ್ಲು ಕಟಕಟ ಎನ್ನುವ ಹಾಗೆ ಚಳಿ, ಹಿಂದೆಯೇ ಕೆಂಡದಂಥ ಜ್ವರ. ಬೆಳಗಾದರೆ ಏನೂ ಇಲ್ಲದವಳ ಹಾಗೆ ಎದ್ದು ಸಮವಸ್ತ್ರ ಹಾಕಿಕೊಂಡು ಹೊರಡುತ್ತಿದ್ದಳು. ಮಣಿಕಟ್ಟು ಊದಿತು, ಆಮೇಲೆ ಮಂಡಿ. ನಿನ್ನ ಹೆಂಡತಿಯ ಹಟ ನಿನಗೆ ಗೊತ್ತಲ್ಲ. ಆದರೆ ಒಂದು ಮಧ್ಯಾಹ್ನ ಮಾರುಕಟ್ಟೆಯ ತಿರುವಿನಲ್ಲಿ ಸ್ಟೇರಿಂಗು ಪೂರ್ತಿ ತಿರುಗಿಸಲು ಕೈಯಲ್ಲಿ ಆಗಲಿಲ್ಲವಂತೆ. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಜನರನ್ನೆಲ್ಲ ಇಳಿಸಿ, ಡಿಪೋಗೆ ಫೋನು ಮಾಡಿ, ಬಂದ ಮೇಲ್ವಿಚಾರಕನ ಕೈಗೆ ತಾನೇ ಕೀಲಿ ಕೊಟ್ಟಳು. ‘ಕೈ ನನ್ನ ಮಾತು ಕೇಳ್ತಿಲ್ಲ ಸಾರ್. ಜನರನ್ನ ಕೂರಿಸ್ಕೊಂಡು ಇದನ್ನ ಓಡಿಸಲ್ಲ’ ಎಂದಳಂತೆ. ಮನೆಗೆ ಬಂದು ಶೂ ಬಿಚ್ಚಲು ಆಗದೆ ಬಾಗಿಲಲ್ಲೇ ಕುಳಿತಳು. ನಾನು ಬಗ್ಗಿ ಲೇಸು ಬಿಚ್ಚಿದೆ. ಅವಳು ಅತ್ತದ್ದನ್ನು ಈ ಮನೆಗೆ ಬಂದಾಗಿನಿಂದ ಅವತ್ತೇ ನಾನು ಮೊದಲು ನೋಡಿದ್ದು. ಜ್ವರಕ್ಕಲ್ಲ, ಕೀಲಿ ಕೊಟ್ಟದ್ದಕ್ಕೆ. ಡಿಪೋದವರು ಒಳ್ಳೆಯವರೇ, ಆದರೆ ನಿಯಮ ನಿಯಮವೇ. ಕೈಕಾಲು ಸರಿಯಿದೆ ಎಂದು ಡಾಕ್ಟರು ಬರೆದುಕೊಡುವವರೆಗೆ ಚಾಲಕರ ಸೀಟಿಲ್ಲ, ಬರೆದುಕೊಡದಿದ್ದರೆ ಉಳಿದ ಸೇವೆಗೆಲ್ಲ ಪಾಸು ವಿತರಿಸುವ ಕಿಟಕಿಯ ಹಿಂದಿನ ಕುರ್ಚಿ. ಅವಳನ್ನು ಆ ಕುರ್ಚಿಯಲ್ಲಿ ಕೂರಿಸುವುದೂ ಒಂದೇ, ನಿನ್ನನ್ನು ಹಡಗಿನಿಂದ ಇಳಿಸಿ ಸ್ನಾನದ ತೊಟ್ಟಿಯಲ್ಲಿ ಬಿಡುವುದೂ ಒಂದೇ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ವಾರ್ಡಿನ ಡಾಕ್ಟರು ಹುಡುಗ, ದಪ್ಪ ಕನ್ನಡಕ, ಒಳ್ಳೆಯ ಸ್ವಭಾವ. ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ವಿಪರೀತ ಹೆಚ್ಚಾಗಿವೆ, ಅವು ಹಾಗೆ ಎದ್ದು ನಿಂತರೆ ಮೈಯಲ್ಲಿ ಎಲ್ಲೋ ರೋಗಾಣು ನುಗ್ಗಿದೆ ಎಂದೇ ಸಾಮಾನ್ಯವಾಗಿ ಅರ್ಥ ಎಂದ. ಮೈಯೊಳಗೆ ಗಲಾಟೆಯಾದರೆ ಎಲ್ಲರಿಗಿಂತ ಮುಂಚೆ ಓಡಿಬರುವ ಕಾವಲುಗಾರರಂತೆ ಅವು. ಸರಿ, ರೋಗಾಣು ಎಂದ ಮೇಲೆ ಕೇಳಬೇಕೇ? ಹೋಟೆಲಿನ ಲಾಂಡ್ರಿಯಲ್ಲಿ ಜೀವಮಾನ ಸವೆಸಿದ ನನಗೆ ಅದು ಯುದ್ಧದ ಕರೆ. ಆಸ್ಪತ್ರೆಯವರು ಅವಳಿಗೆ ಆ್ಯಂಟಿಬಯಾಟಿಕ್ ಹಾಕುತ್ತಿದ್ದರೆ ನಾನು ಮನೆಯ ಮೇಲೆ ಬಿದ್ದೆ. ಪರದೆಗಳನ್ನು ಕುದಿಸಿದೆ, ನೀರಿನ ತೊಟ್ಟಿ ಬರಿದು ಮಾಡಿಸಿದೆ, ನೆಲ ಎಷ್ಟು ಉಜ್ಜಿದೆನೆಂದರೆ ನಿನ್ನ ಕೋಣೆಯ ಕೆಂಪು ನೆಲ ಈಗ ಗುಲಾಬಿ ಬಣ್ಣಕ್ಕೆ ತಿರುಗಿದೆ. ಬಂದಾಗ ಬಯ್ಯಬೇಡ. ಪಕ್ಕದ ಮನೆಯ ಬೆಕ್ಕು ನನ್ನನ್ನು ಕಂಡರೆ ಈಗಲೂ ಕಾಂಪೌಂಡು ಹಾರುತ್ತದೆ. ಇನ್ನೊಂದು ವಿಷಯವಿತ್ತು. ಜ್ವರ ಏರಿದಾಗ ಅವಳ ತೋಳಿನ ಮೇಲೆ, ಎದೆಯ ಮೇಲೆ ತೆಳು ಗುಲಾಬಿ ಗಂಧೆಗಳು ಕಾಣುತ್ತಿದ್ದವು, ಜ್ವರ ಇಳಿದರೆ ಅವೂ ಮಾಯ. ಇದು ಡಿಪೋದವರು ಕೊಟ್ಟ ಹೊಸ ಸಮವಸ್ತ್ರದ ಅಗ್ಗದ ಬಣ್ಣದ ಕೆಲಸವೇ ಎಂದು ನಾನು ತೀರ್ಪು ಕೊಟ್ಟು ಅದನ್ನು ಒಂಬತ್ತು ನೀರಿನಲ್ಲಿ ಜಾಲಾಡಿಸಿದ್ದೆ. ಆಸ್ಪತ್ರೆಯಲ್ಲಿ ಅವಳು ಹಾಕಿಕೊಂಡಿದ್ದುದು ಆಸ್ಪತ್ರೆಯ ಬಿಳಿ ಅಂಗಿ. ಗಂಧೆ ಅಲ್ಲಿಯೂ ಬಂತು. ಆದರೂ ನಾನು ಸಮವಸ್ತ್ರವನ್ನೇ ಬಯ್ಯುತ್ತಿದ್ದೆ, ಅಭ್ಯಾಸಬಲ.

ಔಷಧ ಬದಲಾಯಿಸಿದರು, ಮತ್ತೆ ಬದಲಾಯಿಸಿದರು, ಜ್ವರ ಮಾತ್ರ ಸಂಜೆಯ ಬಸ್ಸಿನ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನಿನ್ನ ಹೆಂಡತಿ ಸೊರಗಿ ಕಡ್ಡಿಯಾದಳು. ಲಿವರಿನ ಪರೀಕ್ಷೆಯೂ ಕೆಟ್ಟು ಬಂತು. ಆಗ ಒಂದು ಬೆಳಿಗ್ಗೆ ಕನ್ನಡಕದ ಡಾಕ್ಟರು ಮುಖ ಸಪ್ಪಗೆ ಮಾಡಿಕೊಂಡು ಬಂದು, ‘ಬ್ಲಡ್ ಕಲ್ಚರ್ ಮತ್ತೆ ನೆಗೆಟಿವ್ ಅಮ್ಮ, ಏನೂ ಇಲ್ಲ’ ಎಂದ. ಪಾಪೂ, ನನಗೆ ಪಿತ್ತ ನೆತ್ತಿಗೇರಿತು. ಹುಡುಗಿ ನೋವಿನಲ್ಲಿ ಒಂದೆರಡು ಮಾತು ಒರಟಾಗಿ ಆಡಿದ್ದಿರಬಹುದು, ನಾನೂ ಹಿಂದಿನ ದಿನ ದಾದಿಯ ಜೊತೆ ಹಾಸಿಗೆಯ ಬಟ್ಟೆಯ ಬಿಳುಪಿನ ವಿಷಯದಲ್ಲಿ ವಾದಕ್ಕೆ ಇಳಿದಿದ್ದೆ, ನಿಜ. ಹಾಗೆಂದು ನಮ್ಮ ರಕ್ತದಲ್ಲೇ ಕಲ್ಚರ್ ಇಲ್ಲ ಎನ್ನುವುದೇ? ಎದ್ದು ನಿಂತು, ‘ನೋಡಪ್ಪ, ಬಸ್ ಓಡಿಸಿದ್ರೂ ಬಟ್ಟೆ ಒಗೆದ್ರೂ ನಮ್ಮದು ಮರ್ಯಾದಸ್ಥರ ಮನೆ, ಕಲ್ಚರ್ ಎಷ್ಟಿದೆ ಅಂತ ನಿನ್ನ ಸೂಜಿ ಹೇಳಬೇಕಾಗಿಲ್ಲ’ ಎಂದುಬಿಟ್ಟೆ. ಪಕ್ಕದ ಮಂಚದವರೆಲ್ಲ ನಮ್ಮ ಕಡೆ ತಿರುಗಿದರು. ಆಮೇಲೆ ಮೊದಲು ನಕ್ಕದ್ದು ನಿನ್ನ ಹೆಂಡತಿ. ಪಕ್ಕೆ ಹಿಡಿದುಕೊಂಡು, ನೋವಾಗುತ್ತಿದ್ದರೂ ನಿಲ್ಲಿಸಲಾಗದೆ, ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕಳು. ಪಾಪ ಆ ಡಾಕ್ಟರು ನಗಲೂ ಆಗದೆ ಅಳಲೂ ಆಗದೆ ಸ್ಟೂಲು ಎಳೆದುಕೊಂಡು ಕುಳಿತು ಬಿಡಿಸಿ ಹೇಳಿದ. ಕಲ್ಚರ್ ಎಂದರೆ ರಕ್ತವನ್ನು ಸೀಸೆಯಲ್ಲಿಟ್ಟು ರೋಗಾಣು ಬೆಳೆಯುತ್ತದೆಯೇ ಎಂದು ಕಾಯುವುದು. ನೆಗೆಟಿವ್ ಎಂದರೆ ಏನೂ ಬೆಳೆಯಲಿಲ್ಲ ಎಂದು.

ಅಷ್ಟು ಹೇಳಿದ ಮೇಲೆ ನನಗೆ ಇನ್ನೊಂದು ಸಂಶಯ. ಏನೂ ಬೆಳೆಯಲಿಲ್ಲವೆಂದರೆ, ಎಲ್ಲೂ ಏನೂ ಸಿಗಲಿಲ್ಲವೆಂದರೆ, ‘ಹಾಗಾದ್ರೆ ಇಷ್ಟು ದಿನ ಔಷಧಿ ಯಾರಿಗೆ ಹಾಕ್ತಿದೀರಿ?’ ಎಂದು ಕೇಳಿದೆ. ಜಾಣತನದಿಂದಲ್ಲ ಕಣೋ, ಅವಮಾನ ಮುಚ್ಚಿಕೊಳ್ಳಲು ಏನಾದರೂ ಕೇಳಬೇಕಿತ್ತು, ಕೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, ‘ಅದನ್ನೇ ನಾನೂ ರಾತ್ರಿಯೆಲ್ಲ ಯೋಚಿಸ್ತಿದ್ದೆ ಅಮ್ಮ, ಇವತ್ತು ಇನ್ನೊಬ್ಬರನ್ನ ಕರೆಸ್ತೀನಿ’ ಎಂದ. ಅವನನ್ನು ಬಯ್ಯಬೇಡ. ಮೊದಲು ಸೋಂಕನ್ನೇ ಹುಡುಕಬೇಕಂತೆ, ಅದೇ ಸರಿಯಾದ ದಾರಿಯಂತೆ. ಹಾಗೆ ಬಂದವರು ಕೀಲುರೋಗದ ಡಾಕ್ಟರಮ್ಮ. ನನ್ನಷ್ಟೇ ಕುಳ್ಳಿ, ಮಾತು ಮಾತ್ರ ಉದ್ದ. ಮೊದಲು ಮಣಿಕಟ್ಟು ಒತ್ತಿ ನೋಡಿದರು, ಆಮೇಲೆ ಜ್ವರ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು. ಸಂಜೆ ಎಂದೆವು. ‘ಹಾಗಾದ್ರೆ ನಾನು ಈಗ ಬಂದಿರೋದು ತಪ್ಪು ಹೊತ್ತಿಗೆ, ಸಂಜೆ ಬರ್ತೀನಿ’ ಎಂದು ಎದ್ದು ಹೋದರು. ನನಗೆ ನಂಬಿಕೆ ಬರಲಿಲ್ಲ. ಹೀಗೆ ಹೇಳಿ ಹೋದವರನ್ನು ಬಹಳ ಕಂಡಿದ್ದೇನೆ, ಕೊಳಾಯಿ ರಿಪೇರಿಯವನೂ ಹೀಗೇ ಹೇಳುತ್ತಾನೆ. ಆದರೆ ಅವರು ಬಂದರು. ಚಳಿ ಹತ್ತಿ, ಜ್ವರ ಏರಿ, ಗಂಧೆಗಳು ಮೂಡಿದಾಗ ಮಂಚದ ಪಕ್ಕದಲ್ಲೇ ಇದ್ದರು. ತೋಳಿನ ಮೇಲೆ ಬೆರಳಾಡಿಸಿ, ‘ಬಂದ್ಯಾ? ನಿನ್ನನ್ನೇ ಕಾಯ್ತಿದ್ದೆ’ ಎಂದರು. ಗಂಧೆಗೆ ಹೇಳಿದ್ದು. ಇಷ್ಟು ದಿನ ಡಾಕ್ಟರುಗಳ ತಂಡ ಬರುತ್ತಿದ್ದುದು ಬೆಳಿಗ್ಗೆ, ಗಂಧೆ ಮನೆಗೆ ಹೋದ ಮೇಲೆ. ನಾನು ಹೇಳಿದ್ದೆ, ಆದರೆ ಸಮವಸ್ತ್ರದ ಬಣ್ಣ ಎಂದು ಹೇಳಿದ್ದೆನಲ್ಲ, ಯಾರು ತಲೆ ಕೆಡಿಸಿಕೊಳ್ಳುತ್ತಾರೆ.

ಮತ್ತಷ್ಟು ರಕ್ತ ಪರೀಕ್ಷೆ ಮಾಡಿಸಿದರು. ಫೆರಿಟಿನ್ ಎಂಬ, ಮೈಯಲ್ಲಿ ಕಬ್ಬಿಣ ಕೂಡಿಡುವ ಪದಾರ್ಥ ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಇನ್ನೂ ಏನೇನನ್ನೋ ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಕೊನೆಗೆ ಕಾಯಿಲೆಗೆ ಒಂದು ಹೆಸರು ಹೇಳಿದರು, ಸ್ಟಿಲ್ ಎಂದು. ನನಗೆ ಸ್ಟೀಲ್ ಎಂದು ಕೇಳಿಸಿತು, ಪಾತ್ರೆಯ ಕಾಯಿಲೆ ಇವಳಿಗೆ ಹೇಗೆ ಬಂತು ಎಂದುಕೊಂಡೆ, ಆದರೆ ಕಲ್ಚರಿನ ಪಾಠ ಕಲಿತಿದ್ದೆನಾದ್ದರಿಂದ ಸುಮ್ಮನಿದ್ದೆ. ಅದು ಬಹಳ ಹಿಂದೆ ಈ ಕಾಯಿಲೆಯನ್ನು ವಿವರಿಸಿದ ಡಾಕ್ಟರ ಹೆಸರಂತೆ. ಹೊರಗಿನಿಂದ ಯಾವ ರೋಗಾಣುವೂ ಬಂದಿಲ್ಲ, ಮೈಯೊಳಗೇ ಸುಳ್ಳು ಎಚ್ಚರಿಕೆಯ ಗಂಟೆ ಬಾರಿಸುತ್ತಿದೆ, ಅದನ್ನು ಕೇಳಿ ನ್ಯೂಟ್ರೋಫಿಲ್‌ಗಳು ಎದ್ದುಬಿದ್ದು ಓಡಿಬರುತ್ತಿವೆ ಎಂದರು. ಓಡಿಬಂದು ಸುಮ್ಮನೆ ನಿಲ್ಲುವ ಜಾತಿಯಲ್ಲ ಅವು. ರೋಗಾಣುವನ್ನು ನುಂಗುತ್ತವೆ, ನುಂಗಲಾಗದಿದ್ದರೆ ತಮ್ಮ ಹೊಟ್ಟೆಯೊಳಗಿನ ನೂಲನ್ನೇ ಹೊರಕ್ಕೆ ಎಸೆದು ಬಲೆ ಹರಡಿ ಹೆಚ್ಚಾಗಿ ತಾವೂ ಸಾಯುತ್ತವೆ. ಇನ್ನೊಂದು ಮಾತು ಹೇಳಿದರು ನೋಡು, ಅದು ನನ್ನ ತಲೆಗೆ ನೇರ ಇಳಿಯಿತು. ಆ ಕಣಗಳು ರೋಗಾಣು ಕೊಲ್ಲಲು ತಯಾರಿಸುವ ಸಾಮಗ್ರಿ ನಾವು ಲಾಂಡ್ರಿಯಲ್ಲಿ ಸುರಿಯುವ ಬ್ಲೀಚಿನದೇ ಕುಲವಂತೆ. ಬ್ಲೀಚು! ನನ್ನ ಸೊಸೆಯ ಮೈಯೊಳಗೆ! ಕಲೆಯೇ ಇಲ್ಲದ ಬಟ್ಟೆಗೆ ಬ್ಲೀಚು ಸುರಿಯುತ್ತಲೇ ಇದ್ದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲೆ ಹೋಗುವುದಿಲ್ಲ, ಬಟ್ಟೆ ಹೋಗುತ್ತದೆ. ಮನೆಯಲ್ಲಿ ಗುಲಾಬಿಗೆ ತಿರುಗಿದ ನೆಲ ನೆನಪಾಗಿ ನಾಚಿಕೆಯಾಯಿತು, ಆ ನ್ಯೂಟ್ರೋಫಿಲ್‌ಗಳೂ ನಾನೂ ಒಂದೇ ಬುದ್ಧಿಯವರು.

ಆದರೆ ನಿಜವಾದ ಕಷ್ಟ ಅಲ್ಲಿತ್ತು. ಆ ಪುಂಡರನ್ನು ತಡೆಯಲು ಸ್ಟಿರಾಯ್ಡ್ ಕೊಡಬೇಕು. ಎಲ್ಲೋ ಕಣ್ಣಿಗೆ ಬೀಳದ ರೋಗಾಣು ಅಡಗಿದ್ದರೆ, ಕಾವಲುಗಾರರ ಕೈ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದ ಹಾಗಾಗುತ್ತದೆ. ಕೊಡದೆ ಬಿಟ್ಟರೆ ಲಿವರು ಇನ್ನೂ ಕೆಡುತ್ತದೆ, ಆಮೇಲೆ ಏನೂ ಹೇಳಲಾಗುವುದಿಲ್ಲ. ಡಾಕ್ಟರಮ್ಮ ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿದರು, ಸೋಂಕು ಇರುವ ಸಾಧ್ಯತೆ ಬಹಳ ಕಡಿಮೆ, ಸೊನ್ನೆಯಲ್ಲ ಎಂದರು. ನಿನ್ನ ಹೆಂಡತಿ ನನ್ನ ಕಡೆ ತಿರುಗಿ, ‘ಏನು ಮಾಡೋಣ ಅತ್ತೆ?’ ಎಂದಳು. ಈ ಮನೆಯಲ್ಲಿ ಪರದೆಯ ಬಣ್ಣದಿಂದ ಹಿಡಿದು ಸಾಸಿವೆ ಡಬ್ಬಿ ಇಡುವ ಜಾಗದವರೆಗೆ ಅವಳು ನನ್ನನ್ನು ಹೀಗೆ ಕೇಳಿದವಳಲ್ಲ, ಅವಳು ಕೇಳದಿದ್ದರೂ ನಾನು ಹೇಳದೆ ಬಿಟ್ಟವಳಲ್ಲ. ಅವತ್ತು ನೀನು ಪಕ್ಕದಲ್ಲಿದ್ದರೆ ಎಂದು ಎಷ್ಟು ಅನ್ನಿಸಿತು ಗೊತ್ತೇ? ಕೊನೆಗೆ, ‘ನೀನು ಬಸ್ಸಲ್ಲಿ ಕೂತಾಗ ಬ್ರೇಕ್ ಯಾವಾಗ ಹಾಕ್ಬೇಕು ಅಂತ ನನ್ನ ಕೇಳ್ತೀಯಾ?’ ಎಂದೆ. ಅವಳು ಮೊಣಕೈ ಊರಿ ಎದ್ದು ಕುಳಿತಳು. ಆಮೇಲೆ ಡಾಕ್ಟರಮ್ಮನಿಗೆ, ‘ಬ್ರೇಕ್ ಹಾಕಿ’ ಎಂದಳು.

ಮರುದಿನ ಸಂಜೆ ನಾವು ಮೂವರೂ ಕಾದೆವು, ನಾನು, ಅವಳು, ಕನ್ನಡಕದ ಡಾಕ್ಟರು. ಅವನ ಪಾಳಿ ಮುಗಿದಿತ್ತು, ಏನೋ ಮರೆತವನ ಹಾಗೆ ಸುಳಿದಾಡುತ್ತಿದ್ದ. ಜ್ವರದ ಹೊತ್ತು ಬಂತು. ಹೊದಿಕೆ ಸರಿಮಾಡಿ ಹಲ್ಲು ಕಚ್ಚಿಕೊಂಡು ಕುಳಿತೆ. ಹೊತ್ತು ದಾಟಿತು. ಜ್ವರ ಬರಲಿಲ್ಲ. ಥರ್ಮಾಮೀಟರು ಕೆಟ್ಟಿದೆ ಎಂದು ಬೇರೆ ತರಿಸಿದೆ, ಅದನ್ನೂ ನಂಬದೆ ನನ್ನ ಬಾಯಲ್ಲೇ ಇಟ್ಟು ನೋಡಿದೆ. ನಿನ್ನ ಹೆಂಡತಿ ತೋಳು ಎತ್ತಿ ದೀಪದ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಒಂದು ಚುಕ್ಕೆಯೂ ಇಲ್ಲ. ‘ಅತ್ತೆ, ಹಸಿವಾಗ್ತಿದೆ’ ಎಂದಳು. ಪಾಪೂ, ನಾನು ಕಾರಿಡಾರಿಗೆ ಓಡಿ ಹೋಗಿ ಗೋಡೆಗೆ ಮುಖ ಹಚ್ಚಿ ಮನಸಾರೆ ಅತ್ತೆ. ಅದು ಸುಖದ ಅಳು, ಅದೂ ‘ಅತ್ತೆ’ ಎಂದು ಬರೆದಿದ್ದೇನೆ, ‘ಅಳುತ್ತಿದ್ದೇನೆ’ ಎಂದಲ್ಲ, ವ್ಯಾಕರಣ ನೋಡಿಕೊ. ಆಮೇಲೆ ಕಣ್ಣೊರೆಸಿಕೊಂಡು ಕ್ಯಾಂಟೀನಿನಲ್ಲಿದ್ದುದನ್ನೆಲ್ಲ ಕಟ್ಟಿಸಿಕೊಂಡು ಬಂದೆ.

ಅಲ್ಲಿಂದ ಮುಂದೆ ದಾರಿ ಸಲೀಸಾಯಿತು. ಈಗ ಸ್ಟಿರಾಯ್ಡನ್ನು ಮೆಲ್ಲಮೆಲ್ಲಗೆ ಇಳಿಸುತ್ತಿದ್ದಾರೆ. ಅದರಿಂದ ಅವಳ ಕೆನ್ನೆ ಬನ್ನಿನ ಹಾಗೆ ಉಬ್ಬಿದೆ, ನೋಡಿ ಬೆಚ್ಚಬೇಡ, ‘ಚೆನ್ನಾಗಿ ಕಾಣ್ತಿದೀಯ’ ಎಂದು ಮಾತ್ರ ಹೇಳು, ಬೇರೆ ಏನೂ ಬೇಡ. ಜೊತೆಗೆ ದಿನಾ ಒಂದು ಚುಚ್ಚುಮದ್ದು, ಆ ಸುಳ್ಳು ಗಂಟೆಯ ತಂತಿಯನ್ನೇ ತುಂಡರಿಸುವಂಥದು. ಚುಚ್ಚುವವಳು ನಾನೇ. ಸೊಸೆಗೆ ಚುಚ್ಚುವುದನ್ನು ಅತ್ತೆಗೆ ಡಾಕ್ಟರೇ ಕಲಿಸಿಕೊಟ್ಟ ಮೊದಲ ಮನೆ ನಮ್ಮದೇ ಇರಬೇಕು ಎಂದು ಅವಳು ಡಿಪೋದಲ್ಲೆಲ್ಲ ಸಾರಿದ್ದಾಳೆ. ಪೂರ್ತಿ ಹೋಯಿತೇ ಎಂದು ನೀನು ಕೇಳುತ್ತೀಯ, ನಾನೂ ಕೇಳಿದೆ. ಮತ್ತೆ ತಲೆಯೆತ್ತಿದರೂ ಎತ್ತಬಹುದಂತೆ. ಎತ್ತಲಿ. ಈಗ ಅದರ ಹೆಸರು, ಮುಖ, ಬರುವ ಹೊತ್ತು ಎಲ್ಲ ನಮಗೆ ಗೊತ್ತಿದೆ. ತಪಾಸಣೆಗೆ ಹೋದಾಗ ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚಿನಲ್ಲಿ ಬೆರಳು ಸೊಟ್ಟಗಾದ ಅಂಚೆಯವರು ಒಬ್ಬರು, ಲೂಪಸ್ ಎಂಬ ಕಾಯಿಲೆಯ ಕಾಲೇಜು ಹುಡುಗಿ ಒಬ್ಬಳು ಪರಿಚಯವಾಗಿದ್ದಾರೆ. ಅಂಚೆಯವರ ಕೀಲಿನ ನೀರಿನಲ್ಲಿ ತುಂಬಿಕೊಂಡಿರುವುದೂ ನಮ್ಮ ನ್ಯೂಟ್ರೋಫಿಲ್ಲೇ. ಆ ಹುಡುಗಿಯ ಮೈ ಅವು ಎಸೆದ ಬಲೆಯನ್ನೇ ಶತ್ರು ಎಂದುಕೊಂಡು ಅದರ ಮೇಲೆ ಯುದ್ಧ ಸಾರುತ್ತದಂತೆ. ಹೀಗೆ ಒಬ್ಬೊಬ್ಬರದು ಒಂದೊಂದು ಕಾಯಿಲೆ, ಪುಂಡರು ಮಾತ್ರ ಅವರೇ. ಹಾಗೆಂದು ಅವರನ್ನು ಪೂರ್ತಿ ಓಡಿಸುವಂತಿಲ್ಲ, ಅವರಿಲ್ಲದಿದ್ದರೆ ಸಣ್ಣ ಗಾಯವೂ ನಮ್ಮನ್ನು ಮುಗಿಸುತ್ತದೆ. ನಾನು ಆ ಬೆಂಚಿನಲ್ಲಿ ಇದನ್ನೆಲ್ಲ ಎಷ್ಟು ಚೆನ್ನಾಗಿ ವಿವರಿಸುತ್ತೇನೆಂದರೆ ಡಾಕ್ಟರಮ್ಮ ಬಾಗಿಲು ತೆರೆದು ನನಗೆ ಗದರಿದ್ದಾರೆ.

ಇನ್ನು ಕೇಳು ಮುಖ್ಯವಾದದ್ದು. ಕಳೆದ ವಾರ ಡಿಪೋದವರು ಅವಳಿಗೆ ಪರೀಕ್ಷೆ ಇಟ್ಟರು. ಹಿಡಿತ ನೋಡಿದರು, ಮಂಡಿ ಮಡಿಸಿದರು, ಆಮೇಲೆ ಖಾಲಿ ಬಸ್ಸು ಕೊಟ್ಟು ಅದೇ ಮಾರುಕಟ್ಟೆಯ ತಿರುವಿಗೆ ಕರೆದುಕೊಂಡು ಹೋದರು. ಒಂದೇ ಸುತ್ತಿನಲ್ಲಿ ತಿರುಗಿಸಿದಳಂತೆ, ಮೇಲ್ವಿಚಾರಕ ಇನ್ನೊಮ್ಮೆ ಎನ್ನುವ ಮೊದಲೇ ಇನ್ನೊಮ್ಮೆ. ಕೀಲಿ ಸಿಕ್ಕಿತು. ಮೊನ್ನೆ ಗುರುವಾರ ಅವಳ ಮೊದಲ ಪಾಳಿ. ನಾನು ಒಳ್ಳೆಯ ಸೀರೆ ಉಟ್ಟು, ನಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಅವಳ ಸಮವಸ್ತ್ರದ ಮಡಿಕೆ ಕೆಟ್ಟಿದೆಯೇ ಎಂದು ನೋಡುವ ನೆಪ ಹೇಳಿಕೊಂಡು, ನಮ್ಮ ಬೀದಿಯ ನಿಲ್ದಾಣದಲ್ಲಿ ಕಾದೆ. ಬಸ್ಸು ಬಂತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮೇಲೆ ಅವಳು ರಾಣಿಯ ಹಾಗೆ. ಹತ್ತಿ ಅವಳ ಪಕ್ಕವೇ ನಿಂತು, ಜನರಿಗೆಲ್ಲ ಕೇಳಿಸುವ ಹಾಗೆ ‘ಇವಳು ನಮ್ಮ ಸೊಸೆ’ ಎಂದೆ. ಗೊತ್ತಲ್ಲ, ಆ ಬಸ್ಸಿಗೆ ಅವಳೇ ಡ್ರೈವರು, ಅವಳೇ ಕಂಡಕ್ಟರು. ನನ್ನ ಮುಖ ನೋಡದೆ ಕೈ ಚಾಚಿ, ‘ಚಿಲ್ಲರೆ ಕೊಡಿ ಅತ್ತೆ, ಹಿಂದೆ ಜನ ಕಾಯ್ತಿದಾರೆ’ ಎಂದಳು. ಆ ಚಾಚಿದ ಕೈಯನ್ನು ನೋಡಿದೆ ಪಾಪೂ. ಊತವಿಲ್ಲ, ನಡುಕವಿಲ್ಲ, ಬೆರಳೆಲ್ಲ ನೆಟ್ಟಗೆ. ಟಿಕೆಟ್ಟು ತೆಗೆದುಕೊಂಡು ಕೊನೆಯ ನಿಲ್ದಾಣದವರೆಗೆ ಹೋದೆ. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿ ಪೈಪುಗಳ ಹತ್ತಿರ ಹುಷಾರು, ಪೌಡರು ಹಚ್ಚಿಕೊ. ನಿನ್ನ ಹಡಗಿಗೂ ಅದರ ಮೇಲಿರುವ ಎಲ್ಲ ತಾಯಂದಿರ ಮಕ್ಕಳಿಗೂ ನನ್ನ ಹರಕೆ ಇರಲಿ.

ನಿನ್ನನ್ನೂ ಈಗ ನಿನ್ನ ಹೆಂಡತಿಯನ್ನೂ ಬಯ್ಯುವ ಹಕ್ಕುಳ್ಳ,
ಅಮ್ಮ

ಮರೆತಿದ್ದೆ: ಡಿಪೋದಲ್ಲಿ ಯಾವ ಮಾರ್ಗ ಬೇಕು ಎಂದು ಕೇಳಿದರಂತೆ. ಹಟ ಹಿಡಿದು, ಎರಡು ಸಲ ಅರ್ಜಿ ಕೊಟ್ಟು, ಮುಂದಿನ ತಿಂಗಳಿಂದ ಬಂದರಿನ ಮಾರ್ಗ ಹಾಕಿಸಿಕೊಂಡಿದ್ದಾಳೆ. ಯಾಕೆ ಎಂದು ನಾನು ಕೇಳಲಿಲ್ಲ, ನೀನೂ ಕೇಳಬೇಡ. ನೀನು ಇಳಿಯುವ ದಿನ ಟ್ಯಾಕ್ಸಿ ಹಿಡಿಯಬೇಡ, ಗೇಟಿನ ಎದುರಿನ ನಿಲ್ದಾಣದಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಲ್ಲು. ಚಿಲ್ಲರೆ ತಯಾರಿಟ್ಟುಕೊ. ನನ್ನನ್ನೇ ಬಿಡದವಳು ನಿನ್ನನ್ನು ಬಿಡುತ್ತಾಳೆಯೇ?